ಕಲಿತ ಸಾಲ ಯಾರಿಗೆ ತೀರಿಸಬೇಕು?

ಕಳೆದ ದೀಪಾವಳಿಗೆ ನಮ್ಮೂರ ಹುಡುಗನೊಬ್ಬ ಜಪಾನಿನಿಂದ ಬಂದಿದ್ದ. ಪುಣೆಯೊಳಗೆ ಜಪಾನಿ ಭಾಷೆ ಕಲಿತು, ಅಲ್ಲಿಯ ವಿಶ್ವವಿದ್ಯಾಲಯಕ್ಕೆ ಓದಲಿಕ್ಕೆ ಹೋಗಿ ಎರಡು ವರ್ಷ ಆಗಿತ್ತು. ಸಂಜೀ ಮುಂದ ವಾಚನಾಲಯದ ಕಟ್ಟೆಯ ಮೇಲೆ ಏಳೆಂಟು ಮಂದಿ ಅವನನ್ನು ನಡುವೆ ಕೂಡಿಸಿಕೊಂಡು ಕೇಳಿದೆವು: "ತಮ್ಮಾ, ಅಂಥ ಸಿರಿವಂತ ದೇಶದ ಹುಡುಗೂರಿಗೆ ಓದಾಕ ರೊಕ್ಕದ ಚಿಂತಿ ಇರಾಂಗಿಲ್ಲಲ್ಲ?" ಅವ ನಕ್ಕು, "ಕಾಕಾ, ನನ್ನ ಜೋಡಿ ಓದೋ ಹುಡುಗ ಪದವಿ ಮುಗಿಸೂದರಾಗ ನಿಮ್ಮ ಹೊಲದ ಮ್ಯಾಲಿನ ಸಾಲಕ್ಕಿಂತ ದೊಡ್ಡ ಸಾಲ ಹೊತ್ತಿರತಾನ" ಅಂದ.

ಕೂತವರೊಳಗೆ ಒಬ್ಬ ಹಿರಿಯರು, "ಸಾಲ ಮಾಡಿದವ ತೀರಿಸಬೇಕು. ಅದರಾಗ ವಿಚಾರ ಮಾಡೂದು ಏನೈತಿ?" ಅಂದರು. ಮಾತು ಖರೆ. ಆದರೂ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಯಾಕಂದರೆ ನನ್ನ ಮೊಮ್ಮಗಳ ಓದಿನ ಸಾಲದ ಕಾಗದ ಆಗ ನಮ್ಮ ಮನೆಯ ಮಾಡದೊಳಗೆ ಇತ್ತು. ಅದಕ್ಕೆ ನಾನು ಸಹಿ ಹಾಕಬೇಕಾಗಿತ್ತು. ಏಳನೇ ಇಯತ್ತೆಗೆ ಸಾಲೆ ಬಿಟ್ಟವ ನಾನು. ಕಲಿಯಲಿಕ್ಕೆ ಮಾಡಿದ ಸಾಲ ಎಂಥ ಸಾಲ, ಅದನ್ನು ಯಾರಿಗೆ ತೀರಿಸಬೇಕು ಎಂಬ ಪ್ರಶ್ನೆ ಅಂದಿನಿಂದ ಬೆನ್ನು ಹತ್ತಿತು. ಹುಡುಗ ಹೇಳಿದ್ದು, ಆಮೇಲೆ ನಾನು ಓದಿ ತಿಳಿದದ್ದು ಎರಡನ್ನೂ ಕೂಡಿಸಿ ಇಲ್ಲಿ ಬರೆದಿದ್ದೇನೆ.

ಜಪಾನಿನ ರಾಷ್ಟ್ರೀಯ ವಿಶ್ವವಿದ್ಯಾಲಯಗಳಲ್ಲಿ 1975ರಲ್ಲಿ ವರ್ಷದ ಶುಲ್ಕ 36,000 ಯೆನ್ ಇತ್ತು. 2005ರಿಂದ ಅದು 5,35,800 ಯೆನ್. ಟೋಕಿಯೋ ವಿಶ್ವವಿದ್ಯಾಲಯ 2025ರಲ್ಲಿ ಅದನ್ನೂ ದಾಟಿ 6,42,960 ಮಾಡಿತು. ಹೆಚ್ಚಿನ ಮಂದಿ ಓದುವುದು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ. ಅಲ್ಲಿ ಇದಕ್ಕಿಂತ ಜಾಸ್ತಿ. ಮನೆ ಬಿಟ್ಟು ಕೋಣೆ ಮಾಡಿಕೊಂಡು ಇರುವ ಹುಡುಗನಿಗೆ ಊರಿನಿಂದ ಅಪ್ಪ ಅವ್ವ ಕಳಿಸುವ ಹಣಕ್ಕೆ ಅಲ್ಲಿ 'ಶಿಒಕುರಿ' ಅಂತಾರೆ. 1990ರ ದಶಕದ ನಡುವೆ ಅದು ತಿಂಗಳಿಗೆ ಸರಾಸರಿ ಒಂದು ಲಕ್ಷ ಯೆನ್ ಇತ್ತು. ಈಗ ಎಪ್ಪತ್ತು ಸಾವಿರದ ಆಸುಪಾಸು. ಅದರೊಳಗೆ ಕೋಣೆ ಬಾಡಿಗೆಗೇ ಐವತ್ತು ಸಾವಿರದ ಮೇಲೆ ಹೋಗುತ್ತದೆ. ಊಟಕ್ಕೆ ಇಪ್ಪತ್ತೈದು ಸಾವಿರ. ಪುಸ್ತಕಕ್ಕೆ ತಿಂಗಳಿಗೆ ಎರಡು ಸಾವಿರವೂ ಉಳಿಯುವುದಿಲ್ಲ. ಓದಲಿಕ್ಕೆ ಹೋದವನ ಖರ್ಚಿನೊಳಗೆ ಎಲ್ಲಕ್ಕಿಂತ ಸಣ್ಣದು ಪುಸ್ತಕದ್ದೇ.

ಹಾಗಾಗಿ ಹುಡುಗೂರು ದುಡಿಯುತ್ತಾರೆ. ಆ ಕೆಲಸಕ್ಕೆ 'ಅರುಬೈತೊ' ಎಂದು ಹೆಸರು. ಜರ್ಮನ್ ಭಾಷೆಯಿಂದ ಬಂದ ಶಬ್ದವಂತೆ. ಹಗಲು ರಾತ್ರಿ ತೆರೆದಿರುವ ಅಂಗಡಿಯಲ್ಲಿ ಗಲ್ಲೆಗೆ ನಿಲ್ಲುವುದು, ಹೋಟೆಲಿನಲ್ಲಿ ತಾಟು ತೊಳೆಯುವುದು, ಸಣ್ಣ ಮಕ್ಕಳಿಗೆ ಟ್ಯೂಶನ್ ಹೇಳುವುದು. 2024ರಲ್ಲಿ ಅಲ್ಲಿಯ ಕನಿಷ್ಠ ಕೂಲಿ ಸರಾಸರಿ ತಾಸಿಗೆ 1,055 ಯೆನ್. ಇದನ್ನು ಕೇಳಿ ನನಗೆ ಮೊದಲು ಸಂತೋಷವೇ ಆಯಿತು. ಕಾಯಕಕ್ಕೆ ನಾಚಿಕೆ ಇಲ್ಲ ಎನ್ನುವುದು ನಮ್ಮ ಶರಣರು ಕಲಿಸಿದ ಪಾಠ. ಆದರೆ ನಮ್ಮಲ್ಲಿ ಹತ್ತನೇ ಇಯತ್ತೆ ಮುಗಿಸಿದ ಹುಡುಗ ಕುಡಗೋಲು ಹಿಡಿಯಲಿಕ್ಕೆ ಹಿಂದೆ ಮುಂದೆ ನೋಡುತ್ತಾನೆ. ಅಲ್ಲಿ ಉಳ್ಳವರ ಮಕ್ಕಳೂ ತಾಟು ತೊಳೆಯುತ್ತಾರೆ. ಇದು ಒಳ್ಳೆಯದೇ.

ಆದರೆ ಕಾಯಕಕ್ಕೂ ಒಂದು ಅಳತೆ ಬೇಕು. ಅಲ್ಲಿ ಪತ್ರಿಕೆ ಹಂಚಿ ಓದುವ ವಿದ್ಯಾರ್ಥಿಗಳು ಇದ್ದಾರೆ. ಬೆಳಗಿನ ಕೋಳಿ ಕೂಗುವುದಕ್ಕೆ ಮುಂಚೆ ಎದ್ದು ಮನೆಮನೆಗೆ ಪತ್ರಿಕೆ ಹಾಕಿ, ಸಂಜೆ ಪತ್ರಿಕೆಯನ್ನೂ ಹಾಕಿದರೆ ಅವರ ಶುಲ್ಕವನ್ನು ಪತ್ರಿಕೆಯವರು ಕಟ್ಟುತ್ತಾರೆ. ನಡುವೆ ಬಿಟ್ಟರೆ ಆ ಹಣ ತಿರುಗಿ ಕೊಡಬೇಕಾಗುತ್ತದೆ. ಹಂಗ ದುಡಿದವ ಹಗಲು ತರಗತಿಯಲ್ಲಿ ತೂಕಡಿಸಿದರೆ, ಅವನು ಓದಲಿಕ್ಕೆ ದುಡಿದನೋ, ದುಡಿಯಲಿಕ್ಕೆ ಓದಿನ ನೆವ ಮಾಡಿದನೋ? ಎತ್ತಿಗೆ ಮೇವು ಹಾಕುವುದು ಹೊಲ ಹೂಡಲಿಕ್ಕೆ. ಹಗಲೆಲ್ಲ ಮೇವು ಹೊರುವುದರಲ್ಲೇ ಎತ್ತು ದಣಿದರೆ ಹೊಲ ಹೂಡುವವರು ಯಾರು?

ದುಡಿಮೆಯೂ ಸಾಲದೇ ಹೋದಾಗ 'ಶೋಗಾಕುಕಿನ್' ಬರುತ್ತದೆ. ಓದಿಗೆ ಹುರುಪು ಕೊಡುವ ಹಣ ಎಂದು ಆ ಶಬ್ದದ ಅರ್ಥ. ನಾವು ವಿದ್ಯಾರ್ಥಿವೇತನ ಅಂತೀವಲ್ಲ, ಹಾಗೆ ಕೇಳಿಸುತ್ತದೆ. ಆದರೆ ಅಲ್ಲಿ ಬಹಳ ಮಂದಿಗೆ ಅದು ಸಾಲ. 1943ರಲ್ಲಿ ಶುರುವಾದ ಸರಕಾರಿ ವ್ಯವಸ್ಥೆ ಇದು. 2004ರಿಂದ ಜಪಾನ್ ವಿದ್ಯಾರ್ಥಿ ಸೇವಾ ಸಂಸ್ಥೆ ನಡೆಸುತ್ತಿದೆ. ಒಂದನೇ ತರಹದ ಸಾಲಕ್ಕೆ ಬಡ್ಡಿ ಇಲ್ಲ, ಎರಡನೇ ತರಹದ್ದಕ್ಕೆ ಬಡ್ಡಿ ಇದೆ. ತಿರುಗಿ ಕೊಡಬೇಕಾಗಿಲ್ಲದ ನೆರವು ಈ ಸಂಸ್ಥೆಯಿಂದ ಶುರುವಾದದ್ದು 2017ರಲ್ಲಿ. 2020ರಿಂದ ಬಡವರ ಮಕ್ಕಳಿಗೆ ಹೆಚ್ಚಾಯಿತು. ತಿಂಗಳಿಗೆ 50,000ದಂತೆ ನಾಲ್ಕು ವರ್ಷ ತಗೊಂಡರೆ 24 ಲಕ್ಷ ಯೆನ್. ಓದು ಮುಗಿದ ಏಳನೇ ತಿಂಗಳಿನಿಂದ ಕಂತು. ಬಡ್ಡಿ ಬಿಟ್ಟರೂ ಹದಿನೈದು ವರ್ಷ ತಿಂಗಳಿಗೆ 13 ಸಾವಿರದ ಮೇಲೆ ಕಟ್ಟಬೇಕು. ಇಪ್ಪತ್ತೆರಡಕ್ಕೆ ಪದವಿ ಪಡೆದವ ಮೂವತ್ತೇಳಕ್ಕೆ ಹಗುರಾಗುತ್ತಾನೆ.

ಪದ ಹಾಡುವವನಿಗೆ ಶಬ್ದದ ಮೇಲೆ ಕಣ್ಣು ಇರುತ್ತದೆ. ಸಾಲಕ್ಕೆ ಸಾಲ ಎಂದೇ ಹೆಸರಿಡಬೇಕು. ಹದಿನೆಂಟರ ಕೂಸಿನ ಕೈಯಾಗ ಸಾಲ ಇಟ್ಟು ಅದಕ್ಕೆ ಕಾಣಿಕೆಯ ಹೆಸರು ಹೇಳಿದರೆ ಅದು ಪೂರಾ ಸುಳ್ಳಲ್ಲ; ಆದರೆ ಪೂರಾ ಖರೆಯೂ ಅಲ್ಲ.

ಇನ್ನು ಜಾಮೀನು. ಅಪ್ಪನೋ ಅವ್ವನೋ ಸಾಲಕ್ಕೆ ಜೊತೆ ನಿಲ್ಲಬೇಕು. ಇನ್ನೊಬ್ಬ ಸಂಬಂಧಿಕ, ಮಾವನೋ ಕಾಕನೋ, ಜಾಮೀನು ಬೀಳಬೇಕು. ಅದು ಬೇಡವೆಂದರೆ ತಿಂಗಳಾ ಶುಲ್ಕ ಕೊಟ್ಟು ಒಂದು ಸಂಸ್ಥೆಯ ಜಾಮೀನು ಪಡೆಯಬಹುದು. ಹುಡುಗ ಕಟ್ಟಲಾರದೆ ಹೋದರೆ ಕಾಗದ ಮುದುಕರ ಮನೆಗೆ ಬರುತ್ತದೆ. ಜಾಮೀನುದಾರ ಕಾಯಿದೆ ಪ್ರಕಾರ ಅರ್ಧದಷ್ಟಕ್ಕೆ ಮಾತ್ರ ಹೊಣೆ. ಆದರೆ ಅದನ್ನು ಹೇಳದೆ ಪೂರ್ತಿ ವಸೂಲು ಮಾಡಿದ್ದು ತಪ್ಪು, ಹೆಚ್ಚಿನದನ್ನು ತಿರುಗಿ ಕೊಡಿರಿ ಎಂದು ಸಪ್ಪೊರೊ ಉಚ್ಚ ನ್ಯಾಯಾಲಯ 2022ರಲ್ಲಿ ತೀರ್ಪು ಕೊಟ್ಟಿತು. ಜಾಮೀನು ನಿಂತು ಎತ್ತು ಮಾರಿದವರ ಕಥೆ ನಮ್ಮಲ್ಲಿ ಓಣಿಗೊಂದು ಅದಾವ. ಸಮುದ್ರದ ಆಚೆಗೂ ಅದೇ ಕಥೆ.

ಇಲ್ಲಿ ಆ ಹಿರಿಯರ ಮಾತಿಗೂ ನ್ಯಾಯ ಕೊಡಬೇಕು. ಬಡ್ಡಿ ಇಲ್ಲದ ಸಾಲವನ್ನು ಹಳಬರು ತೀರಿಸಿದ ಹಣದಿಂದಲೂ ಹೊಸಬರಿಗೆ ಕೊಡುತ್ತಾರೆ. ಒಬ್ಬ ಕಟ್ಟದಿದ್ದರೆ ಮುಂದಿನವನ ಬಾಯಿಗೆ ಮಣ್ಣು. ಕುಡಿದು ಹೋದ ಮೇಲೆ ಬಾವಿಯ ಹಗ್ಗವನ್ನು ಅಲ್ಲೇ ಬಿಡಬೇಕು, ಮನೆಗೆ ಒಯ್ಯಬಾರದು. ಹಾಗಾಗಿ ತೀರಿಸುವುದು ಧರ್ಮವೇ. ನನ್ನ ತಕರಾರು ತೀರಿಸುವುದರ ಮೇಲಲ್ಲ, ಅಳತೆಯ ಮೇಲೆ. ಒಕ್ಕಲಿಗನಿಗೆ ಲಾವಣಿಗೂ ಪಾಲಿಗೂ ಇರುವ ಫರಕು ಗೊತ್ತು. ಲಾವಣಿ ಹೊಲದಲ್ಲಿ ಮಳೆ ಬರಲಿ ಬಿಡಲಿ ಗೊತ್ತು ಮಾಡಿದ್ದು ಕೊಡಬೇಕು. ಪಾಲಿನಲ್ಲಿ ಬೆಳೆದಷ್ಟರಲ್ಲಿ ಕೊಡುತ್ತೀವಿ. 2017ರಿಂದ ಅಲ್ಲಿ ಬಡ್ಡಿ ಇಲ್ಲದ ಸಾಲಕ್ಕೆ ಗಳಿಕೆ ನೋಡಿ ಕಂತು ಹಾಕುವ ದಾರಿಯನ್ನೂ ತೆರೆದರು. ಇದು ಪಾಲಿನ ನ್ಯಾಯ. ಇನ್ನೂ ಬಿತ್ತದ ಹೊಲಕ್ಕೆ ಲಾವಣಿ ಬರೆಸಿಕೊಳ್ಳುವುದಕ್ಕಿಂತ ಇದು ಮೇಲು.

ಆದರೂ ಇದೆಲ್ಲ ರೊಕ್ಕದ ಸಾಲದ ಮಾತಾಯಿತು. ಕಲಿತ ಸಾಲ ಬೇರೆ. ನನಗೆ ಡೊಳ್ಳಿನ ಪದ ಕಲಿಸಿದ ಮುತ್ಯಾ ಮೂರು ವರ್ಷ ತನ್ನ ಮನೆಯ ರೊಟ್ಟಿ ಉಣಿಸಿ ಕಲಿಸಿದ. ನಾನು ಅವನ ಹೊಲದಾಗ ಕಳೆ ತೆಗೆದೆ, ಅಷ್ಟೇ. ಕಡೆಗೆ ಒಂದು ಧೋತರ ಒಯ್ದು ಮುಂದಿಟ್ಟರೆ, "ಇದು ಬ್ಯಾಡೋ. ನೀ ಇಬ್ಬರಿಗೆ ಕಲಿಸು, ಅವತ್ತ ತೀರತೈತಿ" ಅಂದ. ಕೊಟ್ಟವನಿಗೆ ತಿರುಗಿ ಕೊಡಲಾಗದ ಸಾಲ ಅದು. ಮುಂದಿನವರಿಗೆ ದಾಟಿಸಿದರೇ ತೀರುವುದು.

ಜಪಾನಿನವರಿಗೆ ಇದು ಗೊತ್ತಿಲ್ಲ ಅಂತಲ್ಲ. ಮೊದಲು ಅಲ್ಲಿ ಓದಿನ ಸಾಲ ಪಡೆದವ ಶಿಕ್ಷಕನಾಗಿ ಇಂತಿಷ್ಟು ವರ್ಷ ಕಲಿಸಿದರೆ ಸಾಲ ಮನ್ನಾ ಆಗುತ್ತಿತ್ತು. ಮುತ್ಯಾನ ಮಾತೇ ಸರಕಾರದ ಕಾಯಿದೆ ಆದಂಗ! ಪದವಿ ವಿದ್ಯಾರ್ಥಿಗಳಿಗೆ ಅದನ್ನು 1998ರಲ್ಲಿ ತೆಗೆದುಬಿಟ್ಟರು. ಈಚೆಗೆ, ಪದವಿಯ ಮೇಲಿನ ಓದು ಓದಿ ಶಿಕ್ಷಕರಾದವರಿಗೆ ಮತ್ತೆ ಕೊಡಲು ಶುರು ಮಾಡಿದ್ದಾರೆ. ಇನ್ನೊಂದು ಮಾತು ಹುಡುಗ ಹೇಳಿದ್ದು ನನ್ನ ಮನಸ್ಸಿನಲ್ಲಿ ನಿಂತಿದೆ. ಅಲ್ಲಿಯ ಕೆಲವು ವಿಶ್ವವಿದ್ಯಾಲಯಗಳಲ್ಲಿ ಬೆಳಗಿನ ಊಟ 100 ಯೆನ್ನಿಗೆ ಸಿಗುತ್ತದೆ. ಉಳಿದ ಖರ್ಚನ್ನು ಪಾಲಕರ ಸಂಘವೋ, ಅಲ್ಲೇ ಓದಿ ಹೋದ ಹಳೆಯ ವಿದ್ಯಾರ್ಥಿಗಳೋ ಹೊರುತ್ತಾರೆ. ನಮ್ಮ ಹಿಂದಿನವರು ವಾರಾನ್ನ ಉಂಡು ಓದಿದ್ದು, ಮಠದ ದಾಸೋಹದಲ್ಲಿ ಉಂಡು ಓದಿದ್ದು ಇದೇ ಅಲ್ಲವೇ? ಉಂಡವ ಮುಂದೊಂದು ದಿನ ಉಣಿಸುತ್ತಾನೆ ಎಂಬ ನಂಬಿಕೆಯೇ ಅಲ್ಲಿ ಜಾಮೀನು.

ನನಗೆ ಕಾಣುವ ಭಯ ಒಂದೇ. ರೊಕ್ಕದ ಸಾಲ ಬೆನ್ನು ಬಾಗಿಸಿದರೆ ಕಲಿತ ಸಾಲ ತೀರಿಸಲು ಮನುಷ್ಯನಿಗೆ ಪುರಸೊತ್ತು ಸಿಗುವುದಿಲ್ಲ. ಕಂತು ಕಟ್ಟುವುದರಲ್ಲೇ ಹರೆಯ ಕಳೆದವ, "ನಾನು ತೀರಿಸಿದೆ, ಇನ್ನು ಯಾರಿಗೂ ಏನೂ ಕೊಡಬೇಕಾಗಿಲ್ಲ" ಎಂದುಕೊಳ್ಳುತ್ತಾನೆ. ದೇಶಕ್ಕೆ ಆಗುವ ದೊಡ್ಡ ನುಕಸಾನು ಅದು.

ಮೊಮ್ಮಗಳ ಕಾಗದಕ್ಕೆ ಮರುದಿನ ಸಹಿ ಹಾಕಿದೆ. ಹಾಕುವ ಮುಂಚೆ ಎಷ್ಟು ಸಾಲ, ಎಷ್ಟು ಬಡ್ಡಿ, ಎಷ್ಟು ವರ್ಷ ಎಂದು ಅವಳ ಕಡೆಯಿಂದಲೇ ಗಟ್ಟಿಯಾಗಿ ಓದಿಸಿದೆ. "ಇದನ್ನ ಬ್ಯಾಂಕಿಗೆ ತೀರಸು ತಂಗೀ. ಕಲತದ್ದನ್ನ ಮಾತ್ರ ಇಬ್ಬರಿಗೆ ಕಲಸು" ಅಂದೆ. ಅವಳು ಹೂಂ ಅಂದಳು.