ಮೊದಲು ಅಗೆಯುವದು, ಆಮೇಲೆ ಗೊಬ್ಬರ

ಕ್ರಿಸ್ತನಲ್ಲಿ ಪ್ರಿಯರೇ, ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ನಮ್ಮ ಕರ್ತನು ಹೇಳಿದ ಫಲವಿಲ್ಲದ ಅಂಜೂರದ ಗಿಡದ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಮೂರು ವರುಷ ಬಂದು ನೋಡಿದರೂ ಹಣ್ಣು ಕಾಣದ ಯಜಮಾನನು ಅದನ್ನು ಕಡಿಸಬೇಕೆಂದಿರಲು, ತೋಟಗಾರನು ಇನ್ನೊಂದು ವರುಷದ ಅವಧಿಯನ್ನು ಬೇಡಿಕೊಂಡನು. ಅವನು ಮಾಡುವೆನೆಂದ ಕೆಲಸಗಳು ಎರಡು: ಮೊದಲು ಗಿಡದ ಸುತ್ತಲೂ ಅಗೆಯುವದು, ಆಮೇಲೆ ಗೊಬ್ಬರ ಹಾಕುವದು. ಈ ಕ್ರಮವನ್ನು ನಾವು ಗಮನಿಸತಕ್ಕದ್ದು.

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಕೆಂಪು ನೆಲದಲ್ಲಿಯೂ ಕಪ್ಪು ನೆಲದಲ್ಲಿಯೂ ಅರಿಸಿನ, ಜೋಳ, ಸೂರ್ಯಕಾಂತಿ, ಈರುಳ್ಳಿಗಳನ್ನು ಬೆಳೆಯುವ ನಮ್ಮಲ್ಲಿ ಅನೇಕರು ಅಗೆಯದೆ ಹಾಕುವವರಾಗಿದ್ದೇವೆ. ಪೈರು ಸೊರಗಿದರೆ ಒಂದು ಮೂಟೆ ಯೂರಿಯಾ. ಇಳುವರಿ ತಗ್ಗಿದರೆ ಮತ್ತೊಂದು ಮೂಟೆ, ಅದೂ ಸಾಲದ ಮೇಲೆ. ಯೂರಿಯಾದ 100 ಪಾಲಿನಲ್ಲಿ 46 ಪಾಲು ಸಾರಜನಕವುಂಟು. ರಂಜಕವಾಗಲಿ ಪೊಟ್ಯಾಷಾಗಲಿ ಅದರಲ್ಲಿಲ್ಲ. ಎಲೆಯು ಕಡುಹಸುರಾಗುವದನ್ನು ಕಂಡು ನಾವು ಹಿಗ್ಗುತ್ತೇವೆ. ಆದರೆ ಅರಿಸಿನದ ಗೆಡ್ಡೆ ತುಂಬುವದಕ್ಕೆ ಪೊಟ್ಯಾಷು ಬಹಳವಾಗಿ ಬೇಕು. ಅತಿಯಾದ ಸಾರಜನಕದಿಂದ ಪೈರು ಮೆತ್ತಗಾಗಿ ಒರಗುವದು, ಹುಳುವಿಗೆ ಈಡಾಗುವದು. ಮಿಕ್ಕದ್ದು ಕೆಲವಂಶ ಗಾಳಿಗೆ ಹಾರಿ, ಕೆಲವಂಶ ನೀರಿನೊಡನೆ ಬಾವಿಗೆ ಇಳಿಯುವದು. ಸಾಲ ಮಾತ್ರ ಮನೆಯಲ್ಲೇ ಉಳಿಯುವದು.

ಯಾವ ಆಹಾರಾಂಶವು ಎಲ್ಲಕ್ಕಿಂತ ಕೊರತೆಯಾಗಿದೆಯೋ ಅದೇ ಬೆಳೆಯ ಮೇರೆಯನ್ನು ಗೊತ್ತುಮಾಡುತ್ತದೆಂದು 19ನೆಯ ಶತಮಾನದಲ್ಲಿ ಜರ್ಮನಿಯ ಲೀಬಿಗ್ ಪಂಡಿತನು ಬೋಧಿಸಿದನು. ಜೋಡೆತ್ತಿನಲ್ಲಿ ಒಂದಕ್ಕೆ ಎರಡರಷ್ಟು ಮೇವು ಹಾಕಿ ಇನ್ನೊಂದನ್ನು ಉಪವಾಸ ಕಟ್ಟಿದರೆ ಬಂಡಿಯು ಮುಂದೆ ಹೋದೀತೇ? 2009ರಲ್ಲಿ ಕರ್ನಾಟಕ ಸರ್ಕಾರವು ಇಕ್ರಿಸ್ಯಾಟ್ ಸಂಸ್ಥೆಯೊಡನೆ ಭೂಚೇತನ ಯೋಜನೆಯನ್ನು ಆರಂಭಿಸಿ ಮಳೆಯಾಶ್ರಿತ ಹೊಲಗಳ ಮಣ್ಣನ್ನು ಪರೀಕ್ಷಿಸಲಾಗಿ, ಅನೇಕ ಕಡೆಗಳಲ್ಲಿ ಕೊರತೆಯಾಗಿದ್ದವು ಗಂಧಕ, ಸತು, ಬೋರಾನ್ ಎಂದು ಕಂಡುಬಂತು. ಎಕರೆಗೆ ಸ್ವಲ್ಪವೇ ಸಾಕಾಗುವ ಇವುಗಳನ್ನು ಯಾರೂ ನೆನಸಿರಲಿಲ್ಲ.

ಪ್ರಿಯರೇ, ನಮ್ಮ ಆತ್ಮಗಳ ಸ್ಥಿತಿಯೂ ಹೀಗೆಯೇ ಅಲ್ಲವೇ? ಬದುವಿನ ಜಗಳದಿಂದ ಅಣ್ಣನೊಡನೆ ಮಾತು ಬಿಟ್ಟವನು ಭಾನುವಾರದ ಆರಾಧನೆಯಲ್ಲಿ ಇನ್ನೂ ಗಟ್ಟಿಯಾಗಿ ಹಾಡಬಹುದು, ಸುಗ್ಗಿಯ ಹಬ್ಬದಲ್ಲಿ ಇನ್ನೂ ಹೆಚ್ಚು ಕಾಣಿಕೆ ಕೊಡಬಹುದು. ಅವನಲ್ಲಿ ಹಾಡಿಗೂ ಕಾಣಿಕೆಗೂ ಕೊರತೆಯಿಲ್ಲ, ಸಮಾಧಾನಕ್ಕೆ ಕೊರತೆಯಿದೆ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಇಟ್ಟು ಮೊದಲು ಸಹೋದರನ ಬಳಿಗೆ ಹೋಗಬೇಕೆಂದು ಕರ್ತನು ಅಪ್ಪಣೆಕೊಟ್ಟದ್ದು ಇದಕ್ಕೋಸ್ಕರವೇ.

ಆದಕಾರಣ ಮೊದಲು ಅಗೆಯೋಣ. 2015ರಿಂದ ಕೊಡಲ್ಪಡುತ್ತಿರುವ ಮಣ್ಣು ಆರೋಗ್ಯ ಚೀಟಿಯು 12 ಗುಣಗಳನ್ನು ತಿಳಿಸುತ್ತದೆ. ಅದಕ್ಕಾಗಿ ಹೊಲದ ಹಲವು ಕಡೆಗಳಲ್ಲಿ ಸುಮಾರು ಅರ್ಧ ಅಡಿ ಆಳಕ್ಕೆ ಅಗೆದು, ಮಣ್ಣನ್ನು ಬೆರಸಿ, ಅರ್ಧ ಕಿಲೋ ಕೊಟ್ಟರಾಯಿತು. ತಿಪ್ಪೆಯ ಬಳಿಯಲ್ಲಾಗಲಿ ಮರದ ಕೆಳಗಾಗಲಿ ತೆಗೆಯಬಾರದು. ತಿಪ್ಪೆಯ ಮಗ್ಗುಲಿನ ಮಣ್ಣನ್ನು ಒಯ್ಯುವವನು ತನ್ನನ್ನೇ ಮೋಸಗೊಳಿಸುತ್ತಾನೆ. ದೇವರ ಸನ್ನಿಧಿಯಲ್ಲಿಯೂ ನಾವು ಎಷ್ಟೋ ಸಾರಿ ನಮ್ಮ ಒಳ್ಳೆಯ ಮೂಲೆಯ ಮಣ್ಣನ್ನೇ ತೋರಿಸುವವರಾಗಿದ್ದೇವೆ.

ಮೂಟೆಯ ಗೊಬ್ಬರವನ್ನು ನಾವು ಹೀನೈಸುವದಿಲ್ಲ; ಅಳತೆಯರಿತು ಹಾಕಿದರೆ ಅದೂ ದೇವರ ಉಪಕಾರವೇ. ಆದರೆ ಕೊಟ್ಟಿಗೆ ಗೊಬ್ಬರವನ್ನೂ, ಅವರೆ ಅಲಸಂದೆಗಳ ಅಕ್ಕಡಿ ಸಾಲನ್ನೂ ಬಿಟ್ಟರೆ ನೆಲವು ಗಟ್ಟಿಯಾಗಿ, ನೀರನ್ನೂ ಸಾರವನ್ನೂ ಹಿಡಿದಿಡಲಾರದು. ನೆಲವು ನಮ್ಮದಲ್ಲ, ಕರ್ತನದು. ಮಕ್ಕಳಿಗೆ ಒಪ್ಪಿಸುವ ತನಕ ನಾವು ಒಕ್ಕಲುಗಳಷ್ಟೇ. ತೋಟಗಾರನು ಬೇಡಿಕೊಂಡ ವರುಷವು ನಡೆಯುತ್ತಲಿದೆ. ಅದು ಮುಗಿಯುವದರೊಳಗೆ ಆತನ ಗುದ್ದಲಿಗೆ ನಮ್ಮನ್ನು ಒಪ್ಪಿಸಿಕೊಡೋಣ. ಆಮೆನ್.