ಅವನಿಗೆ ಇಲ್ಲಿ ಕೆಲಸವಿದೆಯೇ?

ಐಸ್ ಹಾಕಿ ಲೋಕದಲ್ಲಿ ಬೇಸಿಗೆ ಬಂತೆಂದರೆ ಒಂದು ತಕರಾರು ಏಳುತ್ತದೆ. ಭಾರಿ ಸಂಬಳದ ಫಾರ್ವರ್ಡ್ ಒಬ್ಬ ಯಾವುದೋ ತಂಡದಲ್ಲಿ ಗೋಲು ಹೊಡೆಯಲಾಗದೆ ಒದ್ದಾಡುತ್ತಿರುತ್ತಾನೆ, ಆ ತಂಡಕ್ಕೆ ಅವನು ಸಾಕಾಗಿರುತ್ತಾನೆ. ನಾವು ಅವನನ್ನು ತರಬೇಕೇ, ಬೇಡವೇ? ತರಬೇಕು ಅನ್ನುವವರು ಅವನ ಹಳೆಯ ಅಂಕಿ ತೆಗೆಯುತ್ತಾರೆ, ಬೇಡ ಅನ್ನುವವರು ಅವನ ಕರಾರು ತೆಗೆಯುತ್ತಾರೆ. ವಾಷಿಂಗ್ಟನ್ ಹತ್ತಿರ ನೆಲೆಸಿ ಕ್ಯಾಪಿಟಲ್ಸ್ ತಂಡದ ಆಟ ನೋಡುತ್ತ ಬಂದ ನನಗೆ, ಇಬ್ಬರೂ ಕೇಳದೆ ಬಿಡುವ ಪ್ರಶ್ನೆಯೇ ದೊಡ್ಡದು ಅನ್ನಿಸಿದೆ. ಅನ್ನಿಸುವಂತೆ ಮಾಡಿದವನು ಪಿಯೆರ್-ಲುಕ್ ಡುಬ್ವಾ.

2016ರ ಡ್ರಾಫ್ಟಿನಲ್ಲಿ ಕೊಲಂಬಸ್ ತಂಡ ಮೂರನೆಯ ಆಯ್ಕೆಯಾಗಿ ಎತ್ತಿಕೊಂಡ ಹುಡುಗ ಇವನು. 2021ರ ಜನವರಿಯಲ್ಲಿ ಕೋಚ್ ಜಾನ್ ಟಾರ್ಟೊರೆಲ್ಲಾ ಇವನನ್ನು ನಾಲ್ಕು ನಿಮಿಷವೂ ಆಡಿಸದೆ ಬೆಂಚಿನಲ್ಲಿ ಕೂರಿಸಿದರು. ಅದಕ್ಕೆ ಮುಂಚಿನ ಶಿಫ್ಟಿನಲ್ಲಿ ಪಕ್ ಎದುರಿಗೇ ಇದ್ದರೂ ಇವನು ಮೈಬಗ್ಗಿಸದೆ ಅಲೆದದ್ದನ್ನು ಟೀವಿಯಲ್ಲಿ ಮತ್ತೆ ಮತ್ತೆ ತೋರಿಸಿದರು. ಎರಡೇ ದಿನಕ್ಕೆ ವಿನ್ನಿಪೆಗ್‌ಗೆ ಸಾಗಿಸಿದರು. ಅಲ್ಲಿಯೂ ಬಹಳ ಕಾಲ ನಿಲ್ಲುವ ಮನಸ್ಸು ಇವನಿಗಿರಲಿಲ್ಲ. 2023ರಲ್ಲಿ ಲಾಸ್ ಏಂಜಲೀಸ್ ಕಿಂಗ್ಸ್ ಮೂವರು ಆಟಗಾರರನ್ನೂ ಒಂದು ಡ್ರಾಫ್ಟ್ ಆಯ್ಕೆಯನ್ನೂ ಕೊಟ್ಟು ತಂದಿತು. 8 ವರ್ಷಕ್ಕೆ 6.8 ಕೋಟಿ ಡಾಲರ್, ಅಂದರೆ ವರ್ಷಕ್ಕೆ 85 ಲಕ್ಷ. ಮೊದಲ ವರ್ಷ 82 ಪಂದ್ಯಗಳಲ್ಲಿ ಸಿಕ್ಕಿದ್ದು 16 ಗೋಲು, ಗೋಲು ಮತ್ತು ನೆರವು ಸೇರಿ ಒಟ್ಟು 40 ಪಾಯಿಂಟ್. ಸೋಮಾರಿ ಎಂಬ ಹಣೆಪಟ್ಟಿಯ ಜೊತೆಗೆ ದುಬಾರಿ ಎಂಬ ಇನ್ನೊಂದೂ ಅಂಟಿತು.

ದುಬಾರಿ ಎಂಬ ಮಾತಿಗೆ ಇಲ್ಲಿ ಬೇರೆಯದೇ ತೂಕವಿದೆ. ಈ ತಂಡಗಳೆಲ್ಲ ಆಡುವ ಎನ್‌ಎಚ್‌ಎಲ್ ಲೀಗಿನಲ್ಲಿ ಮಾಲೀಕ ಎಷ್ಟೇ ಸಾಹುಕಾರನಾದರೂ ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ಸಂಬಳದ ಮಿತಿ, ದಾಟುವಂತಿಲ್ಲ. 2024-25ರಲ್ಲಿ ಆ ಮಿತಿ 8.8 ಕೋಟಿ ಡಾಲರ್. ಡುಬ್ವಾ ಒಬ್ಬನೇ ಅದರ ಸುಮಾರು ಹತ್ತನೇ ಒಂದು ಪಾಲು ತಿನ್ನುತ್ತಿದ್ದ. ಅವನು ಸೋತರೆ ಹೋಗುವುದು ದುಡ್ಡು ಮಾತ್ರ ಅಲ್ಲ, ಆ ಜಾಗದಲ್ಲಿ ಆಡಬಹುದಾಗಿದ್ದ ಇನ್ನಿಬ್ಬರು ಆಟಗಾರರೂ ಹೋದಂತೆ. ಬೇಡ ಅನ್ನುವವರ ಭಯ ಹುಸಿಯಲ್ಲ.

ಹೀಗಿದ್ದೂ 2024ರ ಜೂನ್‌ನಲ್ಲಿ ಕ್ಯಾಪಿಟಲ್ಸ್‌ನ ಆಗಿನ ಜನರಲ್ ಮ್ಯಾನೇಜರ್ ಬ್ರಯಾನ್ ಮ್ಯಾಕ್‌ಲೆಲನ್ ಅವನನ್ನು ಪೂರ್ತಿ ಸಂಬಳದ ಸಮೇತ ತೆಗೆದುಕೊಂಡರು. ಬದಲಿಗೆ ಕೊಟ್ಟಿದ್ದು ಗೋಲ್‌ಕೀಪರ್ ಡಾರ್ಸಿ ಕೆಂಪರ್‌ನನ್ನು. ಅವನೂ ಆ ವರ್ಷ ಎಡವಿ ಚಾರ್ಲಿ ಲಿಂಡ್‌ಗ್ರೆನ್‌ಗೆ ಜಾಗ ಬಿಟ್ಟುಕೊಟ್ಟಿದ್ದವನು. ಎರಡು ತಂಡಗಳು ತಮಗೆ ಬೇಡವಾದವರನ್ನು ಅದಲುಬದಲು ಮಾಡಿಕೊಂಡವು ಎಂದೇ ಬಹಳ ಜನ ಅಂದುಕೊಂಡರು.

ಟೀವಿಯಲ್ಲಿ ನೋಡಿದರೆ ಡುಬ್ವಾ ಅರ್ಥವಾಗುವುದಿಲ್ಲ, ಕ್ಯಾಮೆರಾ ಪಕ್ಕಿನ ಹಿಂದೆ ಓಡುತ್ತಿರುತ್ತದೆ. ಅರೀನಾದಲ್ಲಿ ಮೂಲೆಯ ಗಾಜಿಗೆ ಹತ್ತಿರ ಕೂತು ನೋಡಬೇಕು. ಅವನು ಪಕ್ಕನ್ನು ಬೋರ್ಡಿನ ಹತ್ತಿರಕ್ಕೆ ಎಳೆದುಕೊಂಡು, ಎದುರಾಳಿಗೆ ಬೆನ್ನು ಕೊಟ್ಟು, ಮಂಡಿ ಬಗ್ಗಿಸಿ ನಿಲ್ಲುತ್ತಾನೆ. ಹಿಂದಿನಿಂದ ಒಬ್ಬ ತಳ್ಳುತ್ತಾನೆ, ಇನ್ನೊಬ್ಬ ಸ್ಟಿಕ್ ತೂರಿಸುತ್ತಾನೆ, ಇವನು ಅಲ್ಲಾಡುವುದಿಲ್ಲ. ಎರಡು ಮೂರು ಸೆಕೆಂಡ್ ಅಷ್ಟೇ. ಅಷ್ಟರಲ್ಲಿ ಜೊತೆಗಾರ ಟಾಮ್ ವಿಲ್ಸನ್ ಗೋಲಿನ ಮುಂದೆ ಹೋಗಿ ಬೇರೂರಿರುತ್ತಾನೆ, ಕಾನರ್ ಮೆಕ್‌ಮೈಕಲ್ ಇನ್ನೊಂದು ಬದಿಯಿಂದ ನುಗ್ಗುತ್ತಿರುತ್ತಾನೆ. ಆ ಎರಡು ಮೂರು ಸೆಕೆಂಡಿಗೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ. ಆದರೆ 2024-25ರಲ್ಲಿ ವಿಲ್ಸನ್ 33 ಗೋಲು ಹೊಡೆದ, ಮೆಕ್‌ಮೈಕಲ್ 26. ಡುಬ್ವಾ 20 ಗೋಲು ಹೊಡೆದು, 46 ಗೋಲಿಗೆ ನೆರವಾಗಿ, ತನ್ನ ಬದುಕಿನಲ್ಲೇ ಅತಿ ಹೆಚ್ಚು, 66 ಪಾಯಿಂಟ್ ಮುಟ್ಟಿದ. ಕ್ಯಾಪಿಟಲ್ಸ್ 111 ಪಾಯಿಂಟಿನೊಂದಿಗೆ ಈಸ್ಟರ್ನ್ ಕಾನ್ಫರೆನ್ಸಿನಲ್ಲಿ ಮೊದಲ ಸ್ಥಾನಕ್ಕೇರಿತು.

ಒಂದೇ ಬೇಸಿಗೆಯಲ್ಲಿ ಮನುಷ್ಯ ಬದಲಾಗಿಬಿಟ್ಟನೇ? ನಾನು ನಂಬುವುದಿಲ್ಲ. ಕಿಂಗ್ಸ್‌ನಲ್ಲಿ ಸೆಂಟರ್ ಜಾಗದಲ್ಲಿ ಆಂಜೆ ಕೊಪಿಟಾರ್ ಇದ್ದ, ಅವನ ಹಿಂದೆ ಫಿಲಿಪ್ ಡಾನೊ ಇದ್ದ. 85 ಲಕ್ಷದ ಆಟಗಾರನಿಗೆ ಅಲ್ಲಿ ಉಳಿದಿದ್ದು ಮೂರನೆಯ ಲೈನು, ಅಂದರೆ ಒಟ್ಟಿಗೆ ಇಳಿಯುವ ಫಾರ್ವರ್ಡ್‌ಗಳ ಮೂರನೆಯ ಗುಂಪು. ಅವನನ್ನು ಪ್ರತಿಭೆಗಾಗಿ ತಂದಿದ್ದರು, ಅವನು ಮಾಡಬೇಕಾದ ಕೆಲಸವನ್ನು ಆಗಲೇ ಬೇರೆಯವರು ಚೆನ್ನಾಗಿ ಮಾಡುತ್ತಿದ್ದರು. ವಾಷಿಂಗ್ಟನ್‌ನಲ್ಲಿ ನಿಕ್ಲಸ್ ಬ್ಯಾಕ್‌ಸ್ಟ್ರಮ್ ಸೊಂಟದ ನೋವಿನಿಂದ 2023ರ ನವೆಂಬರಿನಲ್ಲಿ ಆಟ ಬಿಟ್ಟಮೇಲೆ ಆ ಜಾಗ ನಿಜವಾಗಿ ಖಾಲಿ ಬಿದ್ದಿತ್ತು. ಕೋಚ್ ಸ್ಪೆನ್ಸರ್ ಕಾರ್ಬೆರಿ ಇವನಿಗೆ ಎದುರಾಳಿಯ ಬಲವಾದ ಲೈನನ್ನು ತಡೆಯುವ ಕಷ್ಟದ ಕೆಲಸವನ್ನೇ ವಹಿಸಿದರು. ಹೊರೆ ಹೆಚ್ಚಾದಾಗ ಮನುಷ್ಯ ನೆಟ್ಟಗಾದ. ಅತ್ತ ಕೆಂಪರ್ ಕೂಡ ಲಾಸ್ ಏಂಜಲೀಸಿನಲ್ಲಿ ಮತ್ತೆ ಎದ್ದು ಶ್ರೇಷ್ಠ ಗೋಲ್‌ಕೀಪರ್‌ಗೆ ಕೊಡುವ ವೆಜಿನಾ ಪ್ರಶಸ್ತಿಯ ಕೊನೆಯ ಮೂವರಲ್ಲಿ ಒಬ್ಬನಾದ. ಬೇಡವಾದವರು ಅಂತ ಯಾರನ್ನು ಕರೆದಿದ್ದೆವು!

ಇದರ ತಿರುಗುಮುರುಗು ಕತೆ ಜೊನಾಥನ್ ಹ್ಯೂಬರ್ಡೊನದು. 2021-22ರಲ್ಲಿ ಫ್ಲಾರಿಡಾದ ಬಿರುಸಿನ ಆಟದಲ್ಲಿ 115 ಪಾಯಿಂಟ್. ಕ್ಯಾಲ್ಗರಿ ಆ ಅಂಕಿ ನೋಡಿ 8 ವರ್ಷಕ್ಕೆ 8.4 ಕೋಟಿ ಡಾಲರ್ ಬರೆದುಕೊಟ್ಟಿತು. ಅಲ್ಲಿ ಕೋಚ್ ಡ್ಯಾರಿಲ್ ಸಟ್ಟರ್ ಕೈಕೆಳಗೆ, ರಕ್ಷಣೆಯೇ ಮೊದಲು ಅನ್ನುವ ಆಟದಲ್ಲಿ, ಮರುವರ್ಷ ಬಂದದ್ದು 55. ಅವನೇ ಆಟಗಾರ, ಅವೇ ಕೈಗಳು. ಅವನಿಗೆ ಒಗ್ಗುವ ಆಟ ಮಾತ್ರ ಅಲ್ಲಿರಲಿಲ್ಲ.

ಹಾಗಂತ ಎಡವಿದವರನ್ನೆಲ್ಲ ಎತ್ತಿಕೊಳ್ಳಿ ಎಂದು ನಾನು ಹೇಳುವುದಿಲ್ಲ. 2025ರ ನವೆಂಬರಿನಲ್ಲಿ ಡುಬ್ವಾ ಹೊಟ್ಟೆಯ ಸ್ನಾಯುವಿನ ಶಸ್ತ್ರಚಿಕಿತ್ಸೆಗೆ ಒಳಗಾಗಿ ತಿಂಗಳುಗಟ್ಟಲೆ ಹೊರಗುಳಿಯಬೇಕಾಯಿತು. ಅವನ ಕರಾರು 2031ರವರೆಗೆ ಇದೆ. ಒಳ್ಳೆಯ ನಿರ್ಧಾರಕ್ಕೂ ಇಂಥ ಬೆಲೆ ತೆರಬೇಕಾಗುತ್ತದೆ. ನನ್ನನ್ನು ಕಳವಳಗೊಳಿಸುವುದು ತಂಡಗಳ ಇನ್ನೊಂದು ಭ್ರಮೆ: ನಮ್ಮಲ್ಲಿಗೆ ಬಂದರೆ ಇವನು ಸರಿಹೋಗುತ್ತಾನೆ ಎಂಬ ಹಮ್ಮು. ಯಾರೂ ಯಾರನ್ನೂ ಹಾಗೆ ರಿಪೇರಿ ಮಾಡಲಾರರು. ಕೊಡಬಹುದಾದದ್ದು ಕೆಲಸ, ಜೊತೆಗಾರರು, ಒಂದಷ್ಟು ತಾಳ್ಮೆ.

ಆದ್ದರಿಂದ ಇಂಥ ಆಟಗಾರನಿಗಾಗಿ ಫೋನ್ ಎತ್ತುವ ಮ್ಯಾನೇಜರ್ ಮೊದಲು ಒಂದು ಹಾಳೆಯ ಮೇಲೆ ಬರೆಯಲಿ: ಇವನ ಎಡಕ್ಕೆ ಯಾರು, ಬಲಕ್ಕೆ ಯಾರು, ಯಾರ ವಿರುದ್ಧ ಆಡಿಸುತ್ತೇವೆ, ಮೊದಲ ಹತ್ತು ಪಂದ್ಯ ಗೋಲು ಬಾರದಿದ್ದರೂ ಆ ಜಾಗದಲ್ಲೇ ಇಡುತ್ತೇವೆಯೇ. ಬರೆಯಲು ಸಾಧ್ಯವಾದರೆ ಪೂರ್ತಿ ಸಂಬಳ ಕೊಟ್ಟಾದರೂ ತರಲಿ. ಸಾಧ್ಯವಾಗದಿದ್ದರೆ, ಮಾರುವವರು ಅರ್ಧ ಸಂಬಳ ತಾವೇ ಹೊರುತ್ತೇವೆಂದರೂ ಬೇಡ ಎನ್ನಲಿ.