ಒದ್ದೆ ಹೆಜ್ಜೆ

ನಾಡಿಗೆಲ್ಲ ಮಾಸ್ತಿ ಎಂದರೆ ಕಥೆಗಾರರ ಹೆಸರು. ನಮಗೆ ಮಾಲೂರು ತಾಲೂಕಿನ ಒಂದು ಊರು, ಸುತ್ತ ರಾಗಿ ಹೊಲ. ಕೊಯ್ಲು ಮುಗಿದು ಬರೀ ಕೂಳೆ ಉಳಿದಿದ್ದ ದಿನಗಳವು. ಒಣಗಾಳಿಗೆ ನಮ್ಮ ತುಟಿಯೂ ಒಡೆದಿತ್ತು. ಕರಿಯ ಹೊಲದಿಂದ ಕುಂಟುತ್ತ ಬಂದವನೇ ಜಗಲಿ ಮೇಲೆ ಬಿದ್ದುಕೊಂಡು ಮುಂಗಾಲು ನೆಕ್ಕತೊಡಗಿದ. ಹತ್ತು ವರ್ಷದಿಂದ ಮನೆಯಲ್ಲಿರುವ ನಾಯಿ. ಅವನ ಅಂಗಾಲನ್ನು ಅವತ್ತಿನವರೆಗೆ ನಾನು ನೋಡಿದವನೇ ಅಲ್ಲ.

ಬಿರುಕು ಬಿಟ್ಟಿತ್ತು. ಬಿರುಕು ಕಂಡರೆ ಬತ್ತಿದ ಕೆರೆ ನೆನೆಯುವುದು ಕೋಲಾರ ಸೀಮೆಯವರ ಚಟ. ಬ್ಯಾಟರಿ ಹಿಡಿದು ನೋಡಿದರೆ ಅದು ಕೆರೆಯಂತಿರಲಿಲ್ಲ. ಕಪ್ಪು ಮೆತ್ತೆಯ ತುಂಬ ಸಣ್ಣ ಸಣ್ಣ ಮೊನೆಗಳು, ಆಗಷ್ಟೇ ಉಳಿಯಿಂದ ಕುಟ್ಟಿಸಿ ತಂದ ಬೀಸುಕಲ್ಲಿನ ಹಾಗೆ. ನಾಲ್ಕು ಬೆರಳಿಗೆ ನಾಲ್ಕು ಮೆತ್ತೆ, ನಡುವೆ ದೊಡ್ಡದೊಂದು, ಮೇಲೆ ಮಣಿಕಟ್ಟಿನ ಬಳಿ ಹುಣಸೆಬೀಜದಷ್ಟು ಇನ್ನೊಂದು. ನಡೆಯುವಾಗ ಅದು ನೆಲ ಮುಟ್ಟುವುದಿಲ್ಲ. ಓಡುತ್ತ ತಟ್ಟನೆ ನಿಲ್ಲುವಾಗ, ತಿರುಗುವಾಗ ಒದಗುತ್ತದೆ. ನಾಯಿ ಊರುವುದು ಬೆರಳುಗಳನ್ನು ಮಾತ್ರ. ಹಿಂಗಾಲಿನಲ್ಲಿ ಮೊಣಕಾಲು ಹಿಂದಕ್ಕೆ ತಿರುಗಿದೆ ಎಂದುಕೊಳ್ಳುತ್ತೇವಲ್ಲ, ಅದೇ ಅದರ ಹಿಮ್ಮಡಿ. ಆಯಸ್ಸಿಡೀ ತುದಿಗಾಲಲ್ಲಿ!

"ಹರಳೆಣ್ಣೆ ಸವರಪ್ಪ" ಅಂದರು ಅಮ್ಮ. ಅವರ ಹಿಮ್ಮಡಿಗೆ ಅದೇ ಮದ್ದು. ಆದರೆ ನಾಯಿಗೆ ಹಚ್ಚಿದ್ದು ಹೊಟ್ಟೆಗೇ ಹೋಗುತ್ತದೆ; ಹರಳೆಣ್ಣೆ ನೆಕ್ಕಿದರೆ ಭೇದಿ. ನಮ್ಮ ಕಾಲಿನ ಕ್ರೀಮುಗಳೂ ಬೇಡ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಬೆರಳ ಸಂದಿಯನ್ನು ಹಳೇ ಪಂಚೆಯಿಂದ ಒರೆಸಿ, ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ, ನನ್ನದೇ ಕಾಲುಚೀಲ ತೊಡಿಸಿ ಕಾಲು ಗಂಟೆ ಪಕ್ಕದಲ್ಲಿ ಕೂರುತ್ತಿದ್ದೆ. ತೀರಾ ಮೆತ್ತಗಾಗುವಷ್ಟು ಹಚ್ಚಬಾರದು; ಕೂಳೆ ತುಳಿಯುವವನಿಗೆ ಆ ಒರಟೇ ಚಪ್ಪಲಿ. ರಕ್ತ, ಕೀವು ಕಂಡರೆ, ನಾಲ್ಕೂ ಕಾಲು ಒಟ್ಟಿಗೇ ಗಡುಸಾಗಿ ಒಡೆದರೆ ಮಾತ್ರ ಎಣ್ಣೆ ಬಿಟ್ಟು ಪಶುವೈದ್ಯರಲ್ಲಿಗೆ ಹೋಗಬೇಕು. ಡಿಸ್ಟೆಂಪರ್ ಕಾಯಿಲೆಯಲ್ಲೂ ಅಂಗಾಲು ಗಡುಸಾಗುವುದುಂಟು.

ಆ ಕಾಲು ಗಂಟೆಗಳಲ್ಲಿ ಧರ್ಮರಾಯನ ಹಿಂದೆ ಹಿಮಾಲಯ ಹತ್ತಿದ ನಾಯಿ ನೆನಪಾಗುತ್ತಿತ್ತು. ಹೆಂಡತಿ, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದದ್ದನ್ನು ಕೇಳಿ ಬೆಳೆದೆ. ನಾಯಿಯ ಕಾಲು ಏನಾಯಿತೆಂದು ಕಥೆ ಹೇಳಿದವರನ್ನು ಕೇಳಲೇ ಇಲ್ಲ. ಒಂದು ಉತ್ತರ 2011ರಲ್ಲಿ ಜಪಾನಿನಿಂದ ಬಂತು. ಅಂಗಾಲಿಗೆ ಬಿಸಿ ರಕ್ತ ತರುವ ನಾಳಕ್ಕೆ ಒತ್ತಿಕೊಂಡಂತೆಯೇ, ತಣ್ಣಗಾದ ರಕ್ತ ಒಯ್ಯುವ ಸಣ್ಣ ನಾಳಗಳಿವೆ. ಇಳಿಯುವ ರಕ್ತ ಏರುವ ರಕ್ತಕ್ಕೆ ದಾರಿಯಲ್ಲೇ ಬಿಸಿ ದಾಟಿಸಿಬಿಡುತ್ತದೆ. ಹಿಮದ ಮೇಲೆ ನಿಂತರೂ ಒಳಗಿನ ಬಿಸಿ ಸೋರಿಹೋಗದು. ಹಿಮವನ್ನೇ ಕಾಣದ ಕರಿಯನ ಕಾಲಲ್ಲೂ ಈ ಏರ್ಪಾಟು ಸುಮ್ಮನೆ ಕಾದು ಕೂತಿದೆಯಲ್ಲ!

ನಾಯಿ ಸೆಕೆ ಕಳೆಯುವುದು ಹೆಚ್ಚಾಗಿ ತೇಕುತ್ತ, ನಾಲಗೆ ಚಾಚಿ. ನಮ್ಮ ಅಂಗೈಯಂತೆ ಬೆವರುವುದು ಅದರ ಅಂಗಾಲು, ಹೆದರಿದಾಗಲೂ. ಮೊದಲ ದಿನ ಕಾಲು ಬಿಡಿಸಿಕೊಂಡು ಓಡಿದ ಕರಿಯ ಕೆಂಪು ನೆಲದ ಮೇಲೆ ಬಾಗಿಲವರೆಗೂ ಒದ್ದೆ ಹೆಜ್ಜೆ ಬಿಟ್ಟಿದ್ದ. ತೊಳೆದ ನೀರೆಂದುಕೊಂಡೆ. ತಿರುಗಿ ನೋಡಿದರೆ ನೀರಿನ ತಂಬಿಗೆಯನ್ನು ನಾನಿನ್ನೂ ಮುಟ್ಟಿಯೇ ಇರಲಿಲ್ಲ.

ಹನ್ನೆರಡನೇ ದಿನ ಎಣ್ಣೆ ಬಟ್ಟಲು ಕಂಡು ತಾನಾಗಿ ಬಂದು ಕಾಲು ಕೊಟ್ಟ. ಬಂದ ದಾರಿಯುದ್ದಕ್ಕೂ ನೆಲ ಒಣಗಿತ್ತು.